ಹುಲ್ಲಿನ ಬಣ್ಣ, ಹಾವಿನ ಬಣ್ಣ

ಪುಣೆಯಿಂದ ಸೊಲ್ಲಾಪುರದತ್ತ ಸಾಗುವ ಹೆದ್ದಾರಿಯಲ್ಲಿ, ದೌಂಡ ತಾಲ್ಲೂಕಿನಲ್ಲಿ ಕುರಕುಂಭವಿದೆ. ಹಲವರು ಅದನ್ನು ಕಾರ್ಖಾನೆಗಳ ಊರೆಂದೇ ಬಲ್ಲರು. ಆದರೆ ಆ ಸೀಮೆಯು ಮಳೆ ಕಡಿಮೆಯಾದ ಹುಲ್ಲುಗಾವಲಿನದು. ನೆರೆಯ ಬಾರಾಮತಿ ತಾಲ್ಲೂಕಿನ ಸುಪೆಯಲ್ಲಿ ಚಿಂಕಾರಗಳಿಗೆ ಹೆಸರಾದ ಮಯೂರೇಶ್ವರ ಅಭಯಾರಣ್ಯವಿದೆ. ರಜೆಯ ದಿನ ಇಂತಹ ಸ್ಥಳಗಳಿಗೆ ಹೋಗುವ ನಗರವಾಸಿಗಳಲ್ಲಿ ಕೆಲವರು ಹಸಿರು ಮಚ್ಚೆಗಳ ಅಂಗಿ, ಟೋಪಿ, ಚೀಲಗಳಿಂದ ಸಜ್ಜಾಗಿರುತ್ತಾರೆ. ಕಾಲಿಗೆ ಮಾತ್ರ ಚಪ್ಪಲಿ!

ಮರೆಮಾಚುವ ಬಣ್ಣಗಳ ಅತ್ಯಂತ ಸರಳ ಉಪಾಯವೆಂದರೆ ನೆಲದ ಬಣ್ಣವನ್ನೇ ತಳೆಯುವುದು. ಧೂಳಿನ ಬಣ್ಣದ ಖಾಕಿ ಇದಕ್ಕೆ ನಿದರ್ಶನ. 19ನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಹಾಲರ್ ಎಂಬವರು ಖಾಕಿ ಬಣ್ಣವನ್ನು ಸಿದ್ಧಪಡಿಸಿದರೆಂಬ ಪ್ರತೀತಿಯನ್ನು ಕನ್ನಡಿಗರು ಇಲ್ಲಿ ನೆನೆಯಬಹುದು.

ಮಚ್ಚೆಗಳ ಕೆಲಸ ಬೇರೆ. ಕಣ್ಣು ವಸ್ತುವನ್ನು ಮುಖ್ಯವಾಗಿ ಅದರ ಅಂಚಿನಿಂದ ಗುರುತಿಸುತ್ತದೆ. ದಟ್ಟ ಹಾಗೂ ತಿಳಿ ಬಣ್ಣದ ಮಚ್ಚೆಗಳು ಆ ಅಂಚನ್ನು ಅಡ್ಡಹಾಯ್ದಾಗ, ತೋಳು ಎಲ್ಲಿ ಮುಗಿದು ಪೊದೆ ಎಲ್ಲಿ ಆರಂಭವಾಯಿತೆಂಬುದು ತಿಳಿಯದು. ತೀರ ಸಣ್ಣ ಮಚ್ಚೆಗಳು ದೂರದಿಂದ ಬೆರೆತು ಒಂದೇ ಬಣ್ಣವಾಗಿಬಿಡುತ್ತವೆ. ಆದ್ದರಿಂದ ಸಣ್ಣವೂ ದೊಡ್ಡವೂ ಕೂಡಿರಬೇಕು. ಭಾರತೀಯ ಸೇನೆಯು 2022ರಲ್ಲಿ ಹೊರತಂದ ಸಮರ ಉಡುಪಿನಲ್ಲಿ ಪುಟ್ಟ ಚೌಕಗಳೇ ಸೇರಿ ದೊಡ್ಡ ಮಚ್ಚೆಗಳಾಗಿವೆ. ಮಲೆನಾಡಿಗೆ ಒಪ್ಪುವ ಕಡುಹಸಿರು ಬೇಸಿಗೆಯ ಕುರಕುಂಭದ ಒಣಹುಲ್ಲಿನಲ್ಲಿ ಎದ್ದು ಕಾಣುತ್ತದೆ. ಚಿಂಕಾರದಂತಹ ಪ್ರಾಣಿಗಳಿಗೆ ಕೆಂಪು, ಹಸಿರುಗಳ ಭೇದ ಸ್ಪಷ್ಟವಲ್ಲ. ಅವುಗಳನ್ನು ಬೆದರಿಸುವುದು ನಮ್ಮ ಚಲನೆ ಮತ್ತು ವಾಸನೆ. ಅಂಗಿಗೆ ತೆತ್ತ ಹಣಕ್ಕಿಂತ ಸುಮ್ಮನೆ ಕುಳಿತುಕೊಳ್ಳುವುದೇ ಹೆಚ್ಚು ಫಲಕಾರಿ.

ಈ ವಿದ್ಯೆಯಲ್ಲಿ ಪಾರಂಗತವಾದುದು ಮರಾಠಿಯಲ್ಲಿ ಘೋಣಸವೆನಿಸಿದ ನಮ್ಮ ಕೊಳಕುಮಂಡಲ. ಅದರ ಕಂದು ಮೈಮೇಲಿನ ಅಂಡಾಕಾರದ ಮಚ್ಚೆಗಳ ಸಾಲುಗಳು ಒಣ ಎಲೆಗಳ ನಡುವೆ ಹಾವಿನ ಆಕಾರವನ್ನೇ ಅಳಿಸಿಬಿಡುತ್ತವೆ. ತನ್ನ ಮರೆಯನ್ನು ನಂಬಿ ಅದು ಅನೇಕ ವೇಳೆ ಅಲುಗದೆ ಮಲಗಿರುತ್ತದೆ. ಕಾಲು ಬೀಳುವವರೆಗೂ ಕಾಣಿಸದು. ಕಣಕಾಲನ್ನು ಮುಚ್ಚುವ ಗಟ್ಟಿ ಬೂಟು, ದಪ್ಪ ಬಟ್ಟೆಯ ಷರಾಯಿ, ಕತ್ತಲಲ್ಲಿ ಟಾರ್ಚು, ಇವೇ ಅಲ್ಲಿ ನಿಜವಾದ ರಕ್ಷಣೆ.

ಕಚ್ಚಿದ ಪಕ್ಷದಲ್ಲಿ ಗಾಯವನ್ನು ಕೊಯ್ಯುವುದು, ವಿಷವನ್ನು ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಸಲ್ಲದು. ಉಂಗುರ, ಕಾಲ್ಗೆಜ್ಜೆಗಳನ್ನು ತೆಗೆದು, ಕಚ್ಚಿದ ಅಂಗವನ್ನು ಅಲುಗದಂತೆ ಇರಿಸಿ, ರೋಗಿಯನ್ನು ನಡೆಸದೆ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ಹಾವನ್ನು ಕೊಂದು ತರುವುದಕ್ಕಾಗಿ ಹೊತ್ತು ಕಳೆಯಬಾರದು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಆಗಿರುತ್ತದೆ.