ಕುಂಟುವ ನಾಯಿಗೆ ಎಣ್ಣೆ ತಿಕ್ಕಿದರೆ ಸಾಲದು!

ಇಸಳೂರು: ಶಿರಸಿ-ಹುಬ್ಬಳ್ಳಿ ರಸ್ತೆಯಲ್ಲಿ ಬಸ್ಸಿಗೆ ಕಾಯುವವರಿಗೆ ಇದು ಹೊಸದಲ್ಲ. ಲಾರಿ ಅತ್ತ ಹೋಗ್ತದೆ, ನಾಯಿ ಇತ್ತ ಕುಂಯ್‌ಗುಟ್ಟುತ್ತ ಹಿಂಗಾಲು ಎತ್ತಿಕೊಂಡು ಅಂಗಡಿ ಕಟ್ಟೆಯ ಪಕ್ಕ ಮುದುರಿಕೊಳ್ತದೆ. 'ರಕ್ತ ಬಂದಿಲ್ಲ, ಉಳುಕಿರಬೇಕು. ನಾಲ್ಕು ದಿನಕ್ಕೆ ಸರಿ ಹೋಗ್ತದೆ ಬಿಡಿ' ಅಂತ ಒಬ್ಬರು ಹೇಳ್ತಾರೆ, ಉಳಿದವರು ತಲೆಯಾಡಿಸ್ತಾರೆ. ಸರಿಪಡಿಸುವ ಅವಕಾಶ ಕೈತಪ್ಪುವುದು ಆ ನಾಲ್ಕು ದಿನದಲ್ಲೇ!

ಅಲ್ಲಿ ಸೊಂಟದ ಕೀಲು ತಪ್ಪಿರಬಹುದು. ತೊಡೆ ಮೂಳೆಯ ತುದಿ ಚೆಂಡಿನ ಹಾಗೆ ದುಂಡಗಿದ್ದು ಸೊಂಟದ ಮೂಳೆಯ ಗುಳಿಯಲ್ಲಿ ಕೂತಿರುತ್ತದೆ. ವಾಹನ ಬಡಿದಾಗ, ಎತ್ತರದಿಂದ ಬಿದ್ದಾಗ, ಹಿಡಿದಿಟ್ಟ ನಾರು ಹರಿದು ಚೆಂಡು ಗುಳಿ ಬಿಟ್ಟು ಬರುತ್ತದೆ. ಹೆಚ್ಚಾಗಿ ಅದು ಮೇಲಕ್ಕೂ ಮುಂದಕ್ಕೂ ಜರುಗುವುದರಿಂದ ಆ ಕಾಲು ಗಿಡ್ಡ ಕಾಣುತ್ತದೆ, ಪಾದ ಹೊಟ್ಟೆಯಡಿಗೆ ತಿರುಗುತ್ತದೆ. ನಾಯಿ ಕಾಲೂರುವುದಿಲ್ಲ.

ಇಂಥ ಕಾಲನ್ನು ಎಳೆದು ಕೂರಿಸಲು ಹೋಗಬೇಡಿ. ಮೂಳೆಯೂ ಮುರಿದಿದೆಯೋ ಎಂಬುದು ಎಕ್ಸ್‌ರೇ ತೆಗೆಸದೆ ಗೊತ್ತಾಗದು. ಮನುಷ್ಯರ ನೋವಿನ ಮಾತ್ರೆಯೂ ಬೇಡ; ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸ್ತವೆ. ಹಲಗೆಯ ಮೇಲೆ ಮಲಗಿಸಿ ಪಶುವೈದ್ಯರ ಹತ್ತಿರ ಒಯ್ಯಿರಿ. ಹುಷಾರು, ನೋವಿನಲ್ಲಿ ಸಾಕಿದವರನ್ನೂ ಕಚ್ಚೀತು.

ಎರಡು-ಮೂರು ದಿನದೊಳಗೆ ಹೋದರೆ ಅರಿವಳಿಕೆ ಕೊಟ್ಟು, ಕೊಯ್ಯದೆಯೇ ಕೀಲು ಕೂರಿಸುವ ಸಾಧ್ಯತೆ ಹೆಚ್ಚು. ಆಮೇಲೆ ಕಾಲು ಮಡಿಸಿ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಸುಮಾರು ಎರಡು ವಾರ, ಓಡಾಟ ಬಂದ್. ಕೆಲವಕ್ಕೆ ಮತ್ತೆ ತಪ್ಪುವುದೂ ಉಂಟು. ತಡವಾದರೆ ಸ್ನಾಯು ಬಿಗಿದು, ಗುಳಿಯಲ್ಲಿ ನಾರು ತುಂಬಿ, ಆಪರೇಷನ್ನೇ ಗತಿ. ಚೆಂಡನ್ನೇ ಕತ್ತರಿಸಿ ತೆಗೆಯುವ ಕ್ರಮವೂ ಇದೆ. ಸಣ್ಣ ನಾಯಿಗಳು ಅದರ ನಂತರವೂ ಚೆನ್ನಾಗಿ ಓಡ್ತವೆ. ಆದರೆ ಇಂಥ ದೊಡ್ಡ ಆಪರೇಷನ್ ಎಲ್ಲ ಕಡೆ ಆಗುವಂಥದಲ್ಲ. ಪಶುವೈದ್ಯಕೀಯ ಕಾಲೇಜಿರುವ ಶಿವಮೊಗ್ಗ ಇಲ್ಲಿಂದ ನೂರು ಕಿ.ಮೀ.ಗೂ ದೂರ. ಮೊದಲ ದಿನವೇ ಹೊರಟರೆ ಅಷ್ಟು ದೂರದ ಪ್ರಯಾಣ ತಪ್ಪೀತು.

'ನಾಯಿಗೆ ಇಷ್ಟೆಲ್ಲ ಖರ್ಚಾ?' ಅನ್ನುವವರಿದ್ದಾರೆ. ಅಡಿಕೆ ತೋಟಕ್ಕೆ ಮಂಗ ಬಂದರೆ ಮೊದಲು ಓಡುವುದು ಅದೇ. ರಾತ್ರಿ ಅಂಗಡಿ ಬಾಗಿಲಲ್ಲಿ ಬೊಗಳುವುದೂ ಅದೇ, ಸಂಬಳವಿಲ್ಲದೆ! ಬೀದಿ ನಾಯಿಗೆ ವಾರಸುದಾರರಿಲ್ಲ ಎಂದರೆ ನಾಲ್ಕು ಅಂಗಡಿಯವರು ಸೇರಿ ರಿಕ್ಷಾ ಬಾಡಿಗೆ ಹಾಕಬಹುದಲ್ಲ?

ಚಾಲಕರೇ, ಊರು ಬಂದಾಗ ತುಸು ನಿಧಾನ. ಅದಕ್ಕೆ ಡಾಕ್ಟರೂ ಬೇಡ, ದುಡ್ಡೂ ಬೇಡ.