ಕ್ಯಾಲ್ಸಿಯಂ ಫ್ಲೋರೈಡ್ ಕಲಿಸಿದ ಕಾಂತವಿದ್ಯೆ

ಆಯಸ್ಕಾಂತದೊಳಗಿನ ಸ್ಪಿನ್‌ಗಳ, ಎಂದರೆ ಪುಟ್ಟ ಕಾಂತಗಳಂತೆ ವರ್ತಿಸುವ ಕಣಗಳ, ಆಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟವರು ಬಹುಬೇಗ ಸುಸ್ತಾಗುತ್ತಾರೆ. ಒಂದೊಂದು ಸ್ಪಿನ್ ಸೇರಿದಾಗಲೂ ಲೆಕ್ಕ ಇಮ್ಮಡಿ. 40 ಸ್ಪಿನ್‌ಗಳಿಗೇ ಒಂದು ಲಕ್ಷ ಕೋಟಿಗೂ ಮಿಕ್ಕಿದ ಸಂಖ್ಯೆಗಳನ್ನು ಹಿಡಿದಿಡಬೇಕು. ಕ್ವಾಂಟಂ ಜಗತ್ತನ್ನು ಕ್ವಾಂಟಂ ವ್ಯವಸ್ಥೆಯಿಂದಲೇ ಅನುಕರಿಸಬೇಕೆಂದು ರಿಚರ್ಡ್ ಫೈನ್‌ಮನ್ 1981ರಲ್ಲಿ ವಾದಿಸಿದರು. ಅದಕ್ಕೆ ಬೇಕಾದ ಹತಾರಗಳು ಅಷ್ಟರಲ್ಲಾಗಲೇ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಪ್ರಯೋಗಾಲಯಗಳಲ್ಲಿ ಬೇರೆ ಉದ್ದೇಶಕ್ಕೆ ಹುಟ್ಟಿಕೊಂಡಿದ್ದವು.

ಕ್ಯಾಲ್ಸಿಯಂ ಫ್ಲೋರೈಡ್ ಹರಳಿನಲ್ಲಿ ಪ್ರತಿ ಫ್ಲೋರೀನ್ ನ್ಯೂಕ್ಲಿಯಸ್ಸೂ ಒಂದು ಪುಟ್ಟ ಕಾಂತ, ನೆರೆಯವನ್ನೆಲ್ಲ ಎಳೆದಾಡುತ್ತಿರುತ್ತದೆ. ಈ ಎಳೆದಾಟದಲ್ಲಿ ಎನ್‌ಎಂಆರ್ ಸಂಕೇತ ಹತ್ತಾರು ಮೈಕ್ರೋಸೆಕೆಂಡುಗಳಲ್ಲೇ ಅಳಿಸಿಹೋಗುತ್ತದೆ. ಘನವಸ್ತುಗಳ ಸ್ಪಷ್ಟ ರೋಹಿತ ಬೇಕಾದವರಿಗೆ ಅದೊಂದು ಪೀಡೆ. 1968ರಲ್ಲಿ ಎಂಐಟಿಯ ಜಾನ್ ವಾ ಮತ್ತು ಜೊತೆಗಾರರು ನಾಲ್ಕು ರೇಡಿಯೊ ಪಲ್ಸ್‌ಗಳ ಸರಣಿಯಿಂದ ಎಳೆದಾಟದ ಸರಾಸರಿಯನ್ನು ಸೊನ್ನೆಯ ಹತ್ತಿರಕ್ಕೆ ತಂದರು.

ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸುವುದು 1970ರ ಪ್ರಯೋಗ. ಒಮ್ಮೆ ಅಳಿಸಿದ ಸಂಕೇತ ಅಸಂಖ್ಯ ಸ್ಪಿನ್‌ಗಳ ನಡುವೆ ಹಂಚಿಹೋಗಿ ಮರಳಿ ಸಿಗದು ಎಂಬ ನಂಬಿಕೆ ಬಲವಾಗಿತ್ತು. ವಾ ಮತ್ತು ಅವರ ಸಹೋದ್ಯೋಗಿಗಳಾದ ರಿಮ್, ಪೈನ್ಸ್ ಅದೇ ಕ್ಯಾಲ್ಸಿಯಂ ಫ್ಲೋರೈಡ್‌ಗೆ ಪ್ರಬಲ ರೇಡಿಯೊ ತರಂಗ ಹಾಯಿಸಿ ಎಳೆದಾಟದ ಚಿಹ್ನೆಯನ್ನೇ ತಿರುಗಿಸಿದರು. ಧನ ಋಣವಾಯಿತು, ಬಲ ಅರ್ಧಕ್ಕಿಳಿಯಿತು. ಹಾಗಾಗಿ ಸ್ಪಿನ್‌ಗಳು ಬಂದ ದಾರಿಯಲ್ಲೇ ಅರ್ಧ ವೇಗದಲ್ಲಿ ಹಿಂದಕ್ಕೆ ನಡೆದವು. ಸತ್ತಿತೆಂದುಕೊಂಡ ಸಂಕೇತ ಮತ್ತೆ ಎದ್ದಿತು! ಸೊನ್ನೆ ಮಾಡಬಹುದು, ತಿರುಗಿಸಬಹುದು ಎಂದಮೇಲೆ, ನಿಸರ್ಗ ಕೊಟ್ಟ ಬಲದಿಂದ ನಮಗೆ ಬೇಕಾದ ಕಾಂತದ ನಿಯಮವನ್ನೂ ರೂಪಿಸಬಹುದು.

ಫ್ರಾನ್ಸಿನ ಸಾಕ್ಲೆಯಲ್ಲಿ ಅಬ್ರಗಾಮ್ ಮತ್ತು ಗೋಲ್ಡ್‌ಮನ್ ತಂಡ ಹಿಡಿದದ್ದು ಶೀತದ ದಾರಿ. ಅವರು ಇದೇ ಹರಳಿನ ಸ್ಪಿನ್‌ಗಳನ್ನಷ್ಟೇ ಮೈಕ್ರೋಕೆಲ್ವಿನ್ ಮಟ್ಟಕ್ಕೆ ತಣಿಸಿದರು. 1969ರಲ್ಲಿ ಅವು ಪ್ರತಿಫೆರೋಕಾಂತೀಯ ಕ್ರಮದಲ್ಲಿ, ಒಂದು ಮೇಲೆ ಒಂದು ಕೆಳಗೆ ಮುಖಮಾಡಿ ನಿಂತವು.

2007ರ ಹೊತ್ತಿಗೆ ಪಾವೊಲಾ ಕಪೆಲ್ಲಾರೊ, ಚಂದ್ರಶೇಖರ್ ರಾಮನಾಥನ್, ಡೇವಿಡ್ ಕೋರಿ ಇಂಥ ಅನುಕರಣೆಗೆ ಫ್ಲೋರಾಪಟೈಟ್ ಹರಳನ್ನು ಮುಂದಿಟ್ಟರು. ಅದರಲ್ಲಿ ಫ್ಲೋರೀನ್‌ಗಳು ಒಂಟಿ ಸರಪಳಿಗಳಂತೆ ಪೋಣಿಸಿಕೊಂಡಿರುವುದರಿಂದ, ಸ್ಪಿನ್ ಸಾಲಿನುದ್ದಕ್ಕೆ ಮಾಹಿತಿ ಹರಿಯುವ ಬಗೆಯನ್ನು ಅಭ್ಯಸಿಸಬಹುದು.

ಆದರೆ ಈ ಹರಳುಗಳಿಗೆ ಮಿತಿಯೂ ಇದೆ. ಕೋಣೆಯ ತಾಪದಲ್ಲಿ ಒಂದೇ ದಿಕ್ಕಿಗೆ ವಾಲುವ ಸ್ಪಿನ್‌ಗಳ ಹೆಚ್ಚಳ ಲಕ್ಷಕ್ಕೆ ಒಂದೆರಡು ಮಾತ್ರ. ಬಿಡಿ ಸ್ಪಿನ್ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಈ ಹರಳುಗಳನ್ನು ಚಲನೆಯ ಪ್ರಶ್ನೆಗಳಿಗೆ ಹೆಚ್ಚು ಬಳಸುತ್ತಾರೆ: ಸ್ಪಿನ್‌ಗಳ ನಡುವಿನ ಸಂಬಂಧ ಎಷ್ಟು ದೂರ ಹಬ್ಬುತ್ತದೆ, ಎಲ್ಲಿ ನಿಲ್ಲುತ್ತದೆ? ಅತಿ ಕಡಿಮೆ ಶಕ್ತಿಯ ಕಾಂತಸ್ಥಿತಿ ಬೇಕೆಂದರೆ ಸಾಕ್ಲೆಯ ಶೀತವೇ ಬೇಕು.