ಅಂಗೈ ಮೇಲಿನ ಕಾರು ರಸ್ತೆಗಿಳಿಯಬೇಕಾದರೆ

ಮಕ್ಕಳನ್ನು ಕರೆದುಕೊಂಡು ಪುಣೆಗೆ ಹೋದವರು ಕೋಥರೂಡಿನ ಪುಟಾಣಿ ರೈಲುಗಳ ಮ್ಯೂಸಿಯಂ ನೋಡದೆ ಬರಬೇಡಿ. ಬಿ.ಎಸ್. ಜೋಶಿಯವರು ಪ್ರೀತಿಯಿಂದ ಕಟ್ಟಿದ ಈ ಸಂಗ್ರಹ 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆದುಕೊಂಡಿತು. ಬೀದಿದೀಪ, ಸಿಗ್ನಲ್, ಮೇಲ್ಸೇತುವೆ ಇರುವ ಇಡೀ ಊರೊಂದು ಅಲ್ಲಿ ಮೊಣಕೈ ಎತ್ತರದಲ್ಲಿ ಹರಡಿಕೊಂಡಿದೆ. ಅದೇ ಕೋಥರೂಡಿಗೆ ಅಂಟಿಕೊಂಡಿರುವ ವೇತಾಳ ಗುಡ್ಡದ ಮೇಲೆ ಎಆರ್‌ಎಐ ಇದೆ. 1966ರಲ್ಲಿ ಶುರುವಾದ ಈ ವಾಹನ ಸಂಶೋಧನಾ ಸಂಸ್ಥೆ ಎಷ್ಟು ಪರಿಚಿತವೆಂದರೆ, ಬೆಳಗಿನ ವಾಕಿಂಗಿಗೆ ಬರುವವರು ಗುಡ್ಡವನ್ನೇ ‘ಎಆರ್‌ಎಐ ಟೇಕಡಿ’ ಅನ್ನುತ್ತಾರೆ. ಕೆಳಗೆ ಆಟಿಕೆಯ ಲೋಕ, ಮೇಲೆ ನಿಜವಾದ ವಾಹನಗಳ ಪರೀಕ್ಷೆ. ಒಂದರಿಂದ ಇನ್ನೊಂದಕ್ಕೆ ಇರುವ ದಾರಿ ಮಾತ್ರ ಬಹಳ ಕಡಿದು.

ಮನೆಯಲ್ಲಿರುವ ಹಾಟ್ ವೀಲ್ಸ್ ಕಾರೊಂದನ್ನು ಮಗುಚಿ ನೋಡಿ. ಸತುವಿನ ಮಿಶ್ರಲೋಹದ ಮೈ, ಪ್ಲಾಸ್ಟಿಕ್ ತಳ, ಎರಡನ್ನೂ ಹಿಡಿದಿಟ್ಟ ರಿವೆಟ್, ದಬ್ಬಣಕ್ಕಿಂತ ತೆಳ್ಳಗಿನ ಆಕ್ಸಲ್. ಬಾಗಿಲು ಅಂದರೆ ಬರೀ ಒಂದು ಗೀರು. ಮೇಜಿನಿಂದ ಬಿದ್ದರೂ ಬಣ್ಣ ಕಿತ್ತೀತೇ ಹೊರತು ಕಾರು ಮುರಿಯದು. ಇಷ್ಟು ಗಟ್ಟಿಯಾದದ್ದನ್ನು ಹಾಗೇ ಹಿಗ್ಗಿಸಿದರೆ ಸಾಲದೇ ಎಂದು ಮಗು ಕೇಳಿದರೆ ಅಡುಗೆಮನೆಯ ತಕ್ಕಡಿ ತೆಗೆಯಿರಿ.

ಆಟಿಕೆ 35 ಗ್ರಾಂ ತೂಗಿತು ಎಂದಿಟ್ಟುಕೊಳ್ಳೋಣ. ಅದು ನಿಜದ ಕಾರಿನ 64ನೇ ಒಂದು ಭಾಗ. ಉದ್ದ, ಅಗಲ, ಎತ್ತರ ಮೂರನ್ನೂ 64 ಪಟ್ಟು ಮಾಡಿದರೆ ತೂಕ 64 ಪಟ್ಟು ಏರುವುದಿಲ್ಲ. 64ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 2,62,144 ಪಟ್ಟು ಏರುತ್ತದೆ. ಆಗ ಕಾರು ಒಂಬತ್ತು ಟನ್ ದಾಟುತ್ತದೆ! ಆದರೆ ಆ ಭಾರ ಹೊರುವ ಆಕ್ಸಲಿನ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುವುದು 4,096 ಪಟ್ಟು ಮಾತ್ರ. ಲೋಹದ ಪ್ರತಿ ಚದರ ಸೆಂಟಿಮೀಟರಿನ ಮೇಲೂ 64 ಪಟ್ಟು ಹೆಚ್ಚು ಒತ್ತಡ. ಮೇಜಿನಿಂದ ಬಿದ್ದು ಎದ್ದ ಕಾರು ದೊಡ್ಡದಾದ ಮೇಲೆ ತನ್ನ ಭಾರಕ್ಕೇ ಬಳಲುತ್ತದೆ. ಆದ್ದರಿಂದಲೇ ಆಟಿಕೆಯಿಂದ ಎರವಲು ಪಡೆಯಬಹುದಾದದ್ದು ರೂಪವನ್ನಷ್ಟೇ. ಒಳಗಿನದ್ದೆಲ್ಲ ಹೊಸದಾಗಿ ಹುಟ್ಟಬೇಕು.

ಹಾಗೆ ಹುಟ್ಟಿದವುಗಳಲ್ಲಿ ದೊಡ್ಡ ಹೆಸರು ‘ಟ್ವಿನ್ ಮಿಲ್’. ಇರಾ ಗಿಲ್‌ಫರ್ಡ್ ವಿನ್ಯಾಸ ಮಾಡಿದ ಈ ಹಾಟ್ ವೀಲ್ಸ್ ಕಾರು 1969ರಲ್ಲಿ ಅಂಗಡಿಗೆ ಬಂತು. ಮೂತಿಯಲ್ಲಿ ಅಕ್ಕಪಕ್ಕ ಎರಡು ಎಂಜಿನ್. ಯಾವ ಕಾರ್ಖಾನೆಯೂ ಮಾಡದ ಸಾಹಸ. ಪೆನ್ಸಿಲಿಗೆ ಅದೇನು ಭಾರವೇ? ಆದರೆ ಎರಡು ನಿಜವಾದ ಎಂಜಿನ್ ಕೂರಿಸಿ ಪೂರ್ಣ ಗಾತ್ರದ ಟ್ವಿನ್ ಮಿಲ್ ನಿಲ್ಲಿಸುವಷ್ಟರಲ್ಲಿ 2001 ಬಂದಿತ್ತು.

ಇಂಗ್ಲೆಂಡಿನ ಜಾನ್ ಮತ್ತು ಜೆಫ್ ಬಿಟ್‌ಮೀಡ್ ಎಂಬ ಅಣ್ಣತಮ್ಮಂದಿರು ಇನ್ನೊಂದು ದಾರಿ ಹಿಡಿದರು. ಪುಟ್ಟ ಮಕ್ಕಳು ಕಾಲಿನಿಂದ ತಳ್ಳಿಕೊಂಡು ಹೋಗುವ ಕೆಂಪು-ಹಳದಿ ‘ಕೋಜಿ ಕೂಪ್’ ಅವರ ಮಾದರಿ. ಅದರ ಹೊರಮೈಯನ್ನು ದೊಡ್ಡವರ ಅಳತೆಗೆ ಮಾಡಿ ಡೇವೂ ಮ್ಯಾಟಿಜ್ ಮೇಲೆ ಕೂರಿಸಿದರು. ನಮ್ಮ ರಸ್ತೆಗಳಲ್ಲೂ ಒಂದು ಕಾಲಕ್ಕೆ ಓಡಾಡಿದ ಅದೇ ಮ್ಯಾಟಿಜ್. ಬ್ರೇಕು, ಸ್ಟಿಯರಿಂಗ್, ಎಂಜಿನ್ ಎಲ್ಲ ಪಳಗಿದವೇ ಆದ್ದರಿಂದ ಅದು ಕಾನೂನಿನಂತೆ ರಸ್ತೆಗೂ ಇಳಿಯಿತು.

2018ರಲ್ಲಿ ಲೆಗೊ ಕಂಪನಿ ಹತ್ತು ಲಕ್ಷಕ್ಕೂ ಹೆಚ್ಚು ಆಟಿಕೆ ಬಿಡಿಭಾಗಗಳನ್ನೇ ಜೋಡಿಸಿ ಬುಗಾಟಿ ಶಿರಾನ್ ಕಟ್ಟಿತು. ಮೋಟಾರುಗಳೂ ಆಟಿಕೆಯವೇ, 2,304. ಸುಮಾರು ಒಂದೂವರೆ ಟನ್ನಿನ ಆ ಕಾರು ಚಾಲಕನನ್ನು ಹೊತ್ತು ಓಡಿತು. ವೇಗ ಗಂಟೆಗೆ 20 ಕಿ.ಮೀ. ದಾಟಿದ್ದೇ ಹೆಚ್ಚು. ಅಸಲಿ ಶಿರಾನ್ 420 ಕಿ.ಮೀ. ಮುಟ್ಟುತ್ತದೆ. ಆಟಿಕೆ ದೊಡ್ಡದಾಗಿ ಆಟಿಕೆಯಾಗಿಯೇ ಉಳಿದರೆ ಎಷ್ಟು ದೂರ ಹೋದೀತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಈಗ ಮತ್ತೆ ವೇತಾಳ ಗುಡ್ಡಕ್ಕೆ ಬರೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ, ಮಾರುಕಟ್ಟೆಗೆ ಬರುವ ಪ್ರತಿ ವಾಹನದ ಮೊದಲ ಮಾದರಿ ಎಆರ್‌ಎಐನಂಥ ಸಂಸ್ಥೆಯಲ್ಲಿ ಪಾಸಾಗಬೇಕು. ಬ್ರೇಕು ಹಿಡಿಯುತ್ತದೆಯೇ, ಹೊಗೆ ಎಷ್ಟು, ದೀಪ ಎಲ್ಲಿಗೆ ಬೀಳುತ್ತದೆ, ಸೀಟು ಬೆಲ್ಟ್ ಎಳೆತ ತಡೆಯುತ್ತದೆಯೇ ಎಂದೆಲ್ಲ ನೋಡುತ್ತಾರೆ. ಕಂಪನಿ ಕೊಟ್ಟ ವಾಹನವನ್ನು ಬೇಕಾದಂತೆ ಬದಲಿಸುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇದು ನ್ಯಾಯವೇ. ರಸ್ತೆಯಲ್ಲಿ ನಮ್ಮ ಕಾರೊಂದೇ ಇರುವುದಿಲ್ಲ, ಶಾಲೆಗೆ ನಡೆದು ಹೋಗುವ ಮಕ್ಕಳೂ ಇರುತ್ತಾರೆ.

ಆದರೆ ಕರ್ನಾಟಕದ ಗಡಿಗೆ ತಾಗಿದ ಸಾಂಗ್ಲಿ ಜಿಲ್ಲೆಯ ದತ್ತಾತ್ರಯ ಲೋಹಾರರನ್ನು ನೆನೆದಾಗ ಮನಸ್ಸು ಚುರುಕ್ ಅನ್ನುತ್ತದೆ. ದೇವರಾಷ್ಟ್ರೆ ಗ್ರಾಮದ ಈ ಕಮ್ಮಾರ, ಮಗನ ಆಸೆಗೆಂದು ಗುಜರಿ ಸಾಮಾನಿನಿಂದ ಸುಮಾರು 60,000 ರೂಪಾಯಿಯಲ್ಲಿ ಪುಟ್ಟ ಜೀಪು ಕಟ್ಟಿದರು. ನೋಡಿದರೆ ಆಟದ ಜೀಪೇ. ಬೈಕಿನಂತೆ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು, ಮನೆಮಂದಿಯನ್ನು ಕೂರಿಸಿಕೊಂಡು ಓಡುತ್ತಿತ್ತು. 2021ರ ಡಿಸೆಂಬರಿನಲ್ಲಿ ಅದರ ವಿಡಿಯೊ ಕಂಡ ಆನಂದ್ ಮಹೀಂದ್ರಾ, ನಿಯಮಕ್ಕೆ ಹೊಂದದ ಈ ಗಾಡಿಯನ್ನು ಅಧಿಕಾರಿಗಳು ಎಂದಾದರೂ ತಡೆದಾರು ಎಂದು, ಅದರ ಬದಲಿಗೆ ಬೊಲೆರೊ ಕೊಡುವುದಾಗಿ ಹೇಳಿದರು. ಮುಂದಿನ ತಿಂಗಳೇ ಮಾತು ಉಳಿಸಿಕೊಂಡರು. ಅದು ದೊಡ್ಡತನ, ಎರಡು ಮಾತಿಲ್ಲ. ಆದರೆ ಲೋಹಾರರ ಕೈಕೆಲಸ ಮಾತ್ರ ರಸ್ತೆಯಿಂದ ಸರಿಯಿತು.

ಬ್ರಿಟನ್ನಿನಲ್ಲಿ ಯಾರಾದರೂ ಮನೆಯಲ್ಲೇ ಕಟ್ಟಿದ ಒಂದೇ ಒಂದು ಕಾರನ್ನೂ ತಪಾಸಣೆ ಮಾಡಿ ರಸ್ತೆಗೆ ಬಿಡುವ ಏರ್ಪಾಟಿದೆ. ನಮ್ಮಲ್ಲೂ ಅಂಥದೊಂದು ಸಲೀಸಾದ ದಾರಿ ಬರಬೇಕು. ವೇಗಕ್ಕೆ ಮಿತಿ ಇರಲಿ, ಹೆದ್ದಾರಿಗೆ ಪ್ರವೇಶ ಬೇಡ. ಬ್ರೇಕಿನ ವಿಷಯದಲ್ಲಿ ಎಳ್ಳಷ್ಟೂ ರಿಯಾಯಿತಿ ಬೇಡ. ಲೋಹಾರರಂಥವರ ಪಕ್ಕದಲ್ಲಿ ಕೂತು ಲೆಕ್ಕ ಹಾಕಿಕೊಡಲು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿದ್ದರೆ ಸಾಕು. ಆ ಹುಡುಗರೂ ಆಟಿಕೆ ಕಾರನ್ನು ಮಗುಚಿ ನೋಡಿಯೇ ಅಲ್ಲವೇ ಎಂಜಿನಿಯರ್ ಆಗಲು ಹೊರಟದ್ದು?